ನಾಣ್ಯ ತೊಳೆಯುವ ಮುನ್ನ

(ಮುಂಬಯಿಯ ಮಾಟುಂಗಾದಲ್ಲಿ ಒಂದು ಭಾನುವಾರ ಸಂಜೆ ಕನ್ನಡಿಗರ ಕೂಟದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಮೊದಲು ಈ ಎರಡು ರೂಪಾಯಿಗಳನ್ನು ನೋಡಿ. ಹಿಂದೆ ಕೂತವರಿಗೆ ಸರಿಯಾಗಿ ಕಾಣಲಿಕ್ಕಿಲ್ಲ, ಮಾತು ಮುಗಿದ ಮೇಲೆ ಹತ್ತಿರ ಬಂದು ನೋಡುವಿರಂತೆ. ಎರಡರಲ್ಲೂ ಇರುವುದು ವಿಕ್ಟೋರಿಯಾ ರಾಣಿ, ಎರಡರ ಮೇಲೂ 1862 ಎಂದು ಬರೆದಿದೆ. ಒಂದು ಹೊಸ ಚಮಚದ ಹಾಗೆ ಥಳಥಳ ಹೊಳೆಯುತ್ತಿದೆ. ಇನ್ನೊಂದರ ಅಂಚಿನಲ್ಲಿ ನೀಲಿ, ಒಳಗೆ ಬಂದಂತೆ ಕೆಂಪು ಬೆರೆತ ಹಳದಿ, ಕಿರೀಟದ ಸಂದಿಯಲ್ಲಿ ಕಪ್ಪು. ಯಾವುದು ಬೇಕು ಎಂದು ಕೇಳಿದರೆ ಮನೆಮಂದಿಯೆಲ್ಲ ಹೊಳೆಯುವುದನ್ನೇ ಎತ್ತಿಕೊಳ್ಳುತ್ತಾರೆ. ನಾಣ್ಯ ಸಂಗ್ರಹದಲ್ಲಿ ನಾಲ್ಕು ವರ್ಷ ಕಳೆದವರು ಕಪ್ಪು ಕಟ್ಟಿದ್ದನ್ನು ಎತ್ತಿಕೊಳ್ಳುತ್ತಾರೆ. ಯಾಕೆ ಎಂಬುದೇ ಇವತ್ತಿನ ವಿಷಯ. ಹೊಳೆಯುತ್ತಿರುವುದು ನನ್ನ ಅಜ್ಜಿ ಕೊಟ್ಟದ್ದು. ಅದನ್ನು ಹಾಗೆ ಹೊಳೆಸಿದವನು ನಾನೇ.

ನಾನು ಕುಂದಾಪುರದ ಕಡೆಯವನು. ಹದಿನಾಲ್ಕನೇ ವಯಸ್ಸಿಗೆ ಇಲ್ಲೇ ಕಿಂಗ್ ಸರ್ಕಲ್ ಹತ್ತಿರ ಮಾವನ ಹೋಟೆಲಿಗೆ ಬಂದೆ. ಸಂಜೆಯವರೆಗೆ ಗಲ್ಲಾ, ಆಮೇಲೆ ರಾತ್ರಿ ಶಾಲೆ. ಗಲ್ಲಾ ಪೆಟ್ಟಿಗೆಯಲ್ಲಿ ಬೀಳುತ್ತಿದ್ದ ಚಿಲ್ಲರೆಯೇ ನನಗೆ ನಾಣ್ಯದ ಹುಚ್ಚು ಹಿಡಿಸಿದ್ದು. ಮೂರು ಪೈಸೆಯ ಆರು ಮೂಲೆಯ ಅಲ್ಯೂಮಿನಿಯಂ, ಇಪ್ಪತ್ತು ಪೈಸೆಯ ಹಳದಿ ತಾವರೆ, ಎಲ್ಲೋ ಒಮ್ಮೆ ಹುಲಿಯ ಚಿತ್ರದ ನಿಕ್ಕಲ್ ಕಾಲು ರೂಪಾಯಿ. ಬೇಕಾದದ್ದನ್ನು ಬದಿಗಿಟ್ಟು ನನ್ನ ಸಂಬಳದಿಂದ ಅಷ್ಟು ಚಿಲ್ಲರೆ ಗಲ್ಲಾಕ್ಕೆ ಹಾಕುತ್ತಿದ್ದೆ. ಊರಿಗೆ ಹೋದಾಗ ಅಜ್ಜಿಗೆ ಇದನ್ನೆಲ್ಲ ಹೇಳಿದೆ. ಅವರು ಮರದ ಪೆಟ್ಟಿಗೆಯ ತಳದಿಂದ ಹಳೇ ಸೀರೆಯ ಚೂರಿನಲ್ಲಿ ಗಂಟು ಕಟ್ಟಿದ ಒಂದು ರೂಪಾಯಿ ತೆಗೆದು, “ರಾಣಿ ಛಾಪಿನದ್ದು ಮಗಾ, ಜಾಗ್ರತೆ ಇಟ್ಕೋ” ಎಂದು ಅಂಗೈಗೆ ಹಾಕಿದರು.

ಆಗ ಅದು ಹೇಗಿತ್ತೆಂದು ನನಗೆ ಇವತ್ತಿಗೂ ನೆನಪಿದೆ. ಮಳೆಗಾಲದಲ್ಲಿ ರಸ್ತೆಯ ನೀರಿನ ಮೇಲೆ ಎಣ್ಣೆ ಬಿದ್ದರೆ ಬಣ್ಣ ಬಣ್ಣ ಕಾಣುತ್ತದಲ್ಲ, ಹಾಗಿತ್ತು. ನನಗೆ ಅದು ಕೊಳೆ ಎಂದು ಕಂಡಿತು. ಮುಂಬಯಿಗೆ ವಾಪಸು ಬಂದವನೇ ಹೋಟೆಲಿನ ಹಿಂಬದಿ ಮೋರಿಯ ಹತ್ತಿರ ಕೂತು ಹಲ್ಲುಪುಡಿ ಹಾಕಿ, ಹಳೇ ಬ್ರಷ್ಷಿನಿಂದ ಅರ್ಧ ಗಂಟೆ ಉಜ್ಜಿದೆ. ಕೊನೆಗೊಂದು ಸಲ ವಿಭೂತಿ ಹಚ್ಚಿ ಬಟ್ಟೆಯಲ್ಲಿ ತಿಕ್ಕಿದೆ. ಅಡುಗೆಯವರು, ಸಪ್ಲಾಯರ್ ಹುಡುಗರು ಎಲ್ಲ ಬಂದು ನೋಡಿ, ಭಲೇ ಎಂದರು.

ಶುಕ್ರವಾರ ಚೋರ್ ಬಜಾರಿಗೆ ಹೋಗಿ ಹಳೇ ನಾಣ್ಯದ ಒಬ್ಬ ಮುದುಕರ ಮುಂದೆ ಅದನ್ನು ಇಟ್ಟೆ. ಮಾರುವ ಮನಸ್ಸಿರಲಿಲ್ಲ, ಬೆಲೆ ಎಷ್ಟೆಂದು ತಿಳಿಯಬೇಕಿತ್ತು. ಅವರು ನಾಣ್ಯದ ಮೈ ಮುಟ್ಟಲಿಲ್ಲ. ಹೆಬ್ಬೆರಳು, ತೋರುಬೆರಳಲ್ಲಿ ಅಂಚು ಹಿಡಿದು, ಬಲ್ಬಿನ ಕೆಳಗೆ ಮೆಲ್ಲಗೆ ಆಚೆಗೊಮ್ಮೆ ಈಚೆಗೊಮ್ಮೆ ವಾಲಿಸಿದರು. ಮತ್ತೆ ನನ್ನ ಮುಖ ನೋಡಿ, “ಬೇಟಾ, ಇಸೆ ಕಿಸ್‌ನೆ ಧೋಯಾ?” (ಮಗಾ, ಇದನ್ನು ತೊಳೆದವರು ಯಾರು?) ಎಂದು ಕೇಳಿದರು. ನಾನೇ ಎಂದೆ. ಅವರು ತಮ್ಮ ಡಬ್ಬಿಯಿಂದ ಇನ್ನೊಂದು ರೂಪಾಯಿ ತೆಗೆದು ಅದೇ ಬಲ್ಬಿನ ಕೆಳಗೆ ಅದೇ ರೀತಿ ವಾಲಿಸಿದರು. ಅದರ ಮೇಲೆ ಬೆಳಕಿನ ಎರಡು ಪಟ್ಟಿಗಳು ಗಾಡಿ ಚಕ್ರದ ಕಡ್ಡಿಗಳ ಹಾಗೆ ಗುಂಡಗೆ ತಿರುಗಿದವು. ನನ್ನದರ ಮೇಲೆ ಬೆಳಕು ಬಿತ್ತು, ಹೊಳೆಯಿತು, ಆದರೆ ತಿರುಗಲಿಲ್ಲ. “ಇದಕ್ಕೆ ಬೆಳ್ಳಿಯ ಬೆಲೆ ಕೊಡಬಹುದು, ರೂಪಾಯಿಯ ಬೆಲೆ ಹೋಯಿತು” ಎಂದು ಅವರು ಹಿಂದಿಯಲ್ಲಿ ಹೇಳಿದರು. ಐವತ್ತು ವರ್ಷದ ಮೇಲಾಯಿತು. ಆ ಮಾತನ್ನು ನಾನು ಮರೆತಿಲ್ಲ.

ಆ ಬೆಳಕು ಯಾಕೆ ತಿರುಗುತ್ತದೆ ಎಂದು ತಿಳಿದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ಟಂಕಸಾಲೆಯಲ್ಲಿ ಬೆಳ್ಳಿಯ ಬಿಲ್ಲೆಯನ್ನು ಎರಡು ಉಕ್ಕಿನ ಅಚ್ಚುಗಳ ನಡುವೆ ಇಟ್ಟು ಒತ್ತುತ್ತಾರೆ. ಆ ಒತ್ತಡಕ್ಕೆ ಲೋಹ ಒಂದು ಕ್ಷಣ ಹಿಟ್ಟಿನ ಹಾಗೆ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಹರಿದ ಗುರುತು ಕೂದಲಿಗಿಂತ ಎಷ್ಟೋ ಸಣ್ಣ ಗೆರೆಗಳಾಗಿ ಮೈಮೇಲೆ ಉಳಿಯುತ್ತದೆ. ಸಾವಿರಾರು ಗೆರೆಗಳು, ಎಲ್ಲವೂ ನಡುವಿನಿಂದ ಹೊರಕ್ಕೆ. ನಾಣ್ಯ ವಾಲಿಸಿದಾಗ ಬೆಳಕು ಆ ಗೆರೆಗಳ ಮೇಲೆ ಹಾದು ಚಕ್ರದಂತೆ ಕಾಣುತ್ತದೆ. ನಾವು ಅದನ್ನು ಟಂಕಸಾಲೆಯ ಮಿರುಗು ಎನ್ನೋಣ. ನಾನು ಹಲ್ಲುಪುಡಿ ಹಾಕಿ ಉಜ್ಜಿದಾಗ ಆ ಗೆರೆಗಳು ಸವೆದವು, ಅವುಗಳ ಜಾಗದಲ್ಲಿ ನನ್ನ ಬ್ರಷ್ಷಿನ ಗೀರುಗಳು ಬಂದವು. ಭೂತಗನ್ನಡಿಯಲ್ಲಿ ನೋಡಿದರೆ ಈಗಲೂ ಕಾಣುತ್ತವೆ: ಎಲ್ಲ ಒಂದೇ ದಿಕ್ಕಿಗೆ, ನನ್ನ ಬಲಗೈ ಓಡಿದ ದಿಕ್ಕಿಗೆ. ಹೊಳಪು ಬೇರೆ, ಮಿರುಗು ಬೇರೆ. ಹೊಳಪನ್ನು ಯಾರು ಬೇಕಾದರೂ ತರಿಸಬಹುದು. ಮಿರುಗು ಅಚ್ಚಿನ ಏಟಿನಿಂದ ಒಂದೇ ಸಲ ಬರುವುದು.

ಈ 1862ರ ರೂಪಾಯಿಗೆ ಇನ್ನೊಂದು ಕಥೆ ಇದೆ. ಅದರ ಮೇಲೆ 1862 ಎಂದಿದ್ದರೂ ಅದು 1862ರಲ್ಲೇ ಆದದ್ದು ಎಂದು ಹೇಳುವಂತಿಲ್ಲ. 1874ರವರೆಗೂ ಅದೇ ಇಸವಿಯನ್ನು ಇಟ್ಟುಕೊಂಡೇ ರೂಪಾಯಿ ಹೊಡೆದರು. ನಮ್ಮ ಮುಂಬಯಿ ಟಂಕಸಾಲೆಯವರು ಯಾವ ವರ್ಷದ್ದು ಎಂಬುದಕ್ಕೆ ಹಿಂಬದಿಯಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆಗಳನ್ನು ಇಡುತ್ತಾ ಹೋದರು. ಆ ಚುಕ್ಕೆ ಎಣಿಸಿಯೇ ಸಂಗ್ರಾಹಕರು ವರ್ಷ ಗುರುತಿಸುವುದು. ಒಂದು ಚುಕ್ಕೆ ಹೆಚ್ಚೋ ಕಡಿಮೆಯೋ ಎಂಬುದರ ಮೇಲೆ ಅಪರೂಪದ್ದೋ ಅಲ್ಲವೋ ಎಂಬುದು ನಿಂತಿದೆ. ಮನೆಯಲ್ಲಿ ವರ್ಷ ವರ್ಷ ದೀಪಾವಳಿಗೆ ತಿಕ್ಕಿ ತಿಕ್ಕಿ ಸವೆದ ರೂಪಾಯಿಗಳಲ್ಲಿ ಚುಕ್ಕೆ ಇತ್ತೇ ಇಲ್ಲವೇ ಎಂದು ತಲೆ ಕೆಡಿಸಿಕೊಂಡದ್ದು ನನಗೆ ಎಷ್ಟೋ ಸಲ ಆಗಿದೆ.

1911ರ ರೂಪಾಯಿಯೂ ಹೀಗೇ. ಐದನೇ ಜಾರ್ಜ್ ಪಟ್ಟಕ್ಕೆ ಬಂದಾಗಿನದು. ರಾಜನ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆ ಇದೆ. ಸೊಂಡಿಲು ಎಷ್ಟು ಚಿಕ್ಕದಾಗಿತ್ತೆಂದರೆ ಜನ ಅದನ್ನು ಹಂದಿ ಎಂದರು, ಗಲಾಟೆಯಾಯಿತು, ಮುಂದಿನ ವರ್ಷ ಆನೆಯನ್ನು ತಿದ್ದಿದರು. ಇವತ್ತಿಗೂ ಅದಕ್ಕೆ ಹಂದಿ ರೂಪಾಯಿ ಎಂದೇ ಹೆಸರು. ಅಂಥ ನಾಣ್ಯದ ಬೆಲೆಯೆಲ್ಲ ಅಕ್ಕಿಕಾಳಿಗಿಂತ ಚಿಕ್ಕದಾದ ಆ ಆನೆಯಲ್ಲಿದೆ. ಅದರ ಮೇಲೆ ಪಾತ್ರೆ ತೊಳೆಯುವ ಪುಡಿ ಹಾಕಿ ತಿಕ್ಕಿದರೆ ಆನೆಯೂ ಉಳಿಯುವುದಿಲ್ಲ, ಹಂದಿಯೂ ಉಳಿಯುವುದಿಲ್ಲ.

ಈಗ ಆ ಕಪ್ಪಿನ ವಿಷಯಕ್ಕೆ ಬರೋಣ. ಬೆಳ್ಳಿಯ ಮೇಲಿನ ಕಪ್ಪು ಕೊಳೆ ಎಂದೇ ನಮ್ಮೆಲ್ಲರ ನಂಬಿಕೆ. ಕೊಳೆ ಹೊರಗಿನಿಂದ ಬಂದು ಕೂರುತ್ತದೆ. ಈ ಕಪ್ಪು ಬಂದು ಕೂತದ್ದಲ್ಲ, ಅದು ಬೆಳ್ಳಿಯೇ. ಗಾಳಿಯಲ್ಲಿರುವ ಗಂಧಕದ ಅನಿಲ ಬೆಳ್ಳಿಯನ್ನು ಮುಟ್ಟಿದಾಗ ಮೇಲ್ಪದರದ ಬೆಳ್ಳಿ ಸಿಲ್ವರ್ ಸಲ್ಫೈಡ್ ಆಗುತ್ತದೆ. ಮಾಹಿಮ್ ಖಾರಿಯ ಪಕ್ಕ ರೈಲಿನಲ್ಲಿ ಹೋಗುವಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲ, ಅದೇ ಆ ಅನಿಲ. ಆ ಪದರ ತೀರ ತೆಳ್ಳಗಿದ್ದಾಗ ಹಳದಿ ಕಾಣುತ್ತದೆ, ದಪ್ಪವಾಗುತ್ತಾ ಹೋದಂತೆ ಕೆಂಪು, ನೇರಳೆ, ನೀಲಿ, ಕೊನೆಗೆ ಕಪ್ಪು. ಬಣ್ಣ ಹಚ್ಚಿದ್ದಲ್ಲ, ತೆಳು ಪದರದಲ್ಲಿ ಬೆಳಕು ಮಾಡುವ ಆಟ. ಸಾಬೂನಿನ ಗುಳ್ಳೆಯಲ್ಲಿ ಕಾಣುವುದೂ ಅದೇ. ಹಾಗಾಗಿ ಕಪ್ಪನ್ನು ತಿಕ್ಕಿ ತೆಗೆದಾಗಲೆಲ್ಲ ನಾವು ನಾಣ್ಯದ ಬೆಳ್ಳಿಯನ್ನೇ ತೆಗೆಯುತ್ತಿದ್ದೇವೆ. ಹೊಸ ಬೆಳ್ಳಿ ಗಾಳಿಗೆ ಬಿತ್ತು, ಮತ್ತೆ ಕಪ್ಪಾಯಿತು, ಮತ್ತೆ ತಿಕ್ಕಿದೆವು. ಮೂಗು ಸವೆಯಿತು, ಕಿವಿ ಸವೆಯಿತು, ಅಕ್ಷರ ಸವೆಯಿತು.

ಹಾಗೆಯೇ ಬಿಟ್ಟರೆ ಒಂದು ಹಂತದವರೆಗೆ ಆ ಪದರ ತನ್ನ ಕೆಳಗಿನ ಲೋಹಕ್ಕೆ ಹೊದಿಕೆಯಾಗಿ ನಿಲ್ಲುತ್ತದೆ. ಅಜ್ಜಿಯ ರೂಪಾಯಿಯ ಮೇಲಿದ್ದ ಬಣ್ಣ ನೂರು ವರ್ಷದ ಹೊದಿಕೆ. ಅದಕ್ಕೆ ಮೊದಲು ಯಾರೂ ಕೈ ಹಾಕಿರಲಿಲ್ಲ ಎಂಬುದಕ್ಕೆ ಆ ಬಣ್ಣವೇ ಸಾಕ್ಷಿಯಾಗಿತ್ತು. ನಾಣ್ಯ ಸಂಗ್ರಹಿಸುವವರು ಹಣ ಕೊಡುವುದು ಆ ಸಾಕ್ಷಿಗೆ.

ಇಲ್ಲಿ ಅಕ್ಕಂದಿರು ಒಬ್ಬರು ಆಗಲೇ ಚಹಾ ಕುಡಿಯುವಾಗ ಕೇಳಿದರು: ಅಲ್ಯೂಮಿನಿಯಂ ಹಾಳೆಯ ಮೇಲೆ ಬೆಳ್ಳಿ ಇಟ್ಟು ಬಿಸಿನೀರು, ಅಡುಗೆ ಸೋಡಾ ಹಾಕಿದರೆ ತಿಕ್ಕದೆಯೇ ಬಿಳಿಯಾಗುತ್ತದಲ್ಲ, ಅದು ಆಗಬಹುದಾ ಎಂದು. ಒಳ್ಳೆಯ ಪ್ರಶ್ನೆ. ಅದರಲ್ಲಿ ಗಂಧಕ ಬಿಟ್ಟುಹೋಗಿ ಬೆಳ್ಳಿ ಮತ್ತೆ ಬೆಳ್ಳಿಯಾಗುತ್ತದೆ, ಬ್ರಷ್ಷಿನ ಗೀರು ಬೀಳುವುದಿಲ್ಲ, ನಿಜ. ಆದರೆ ಹೀಗೆ ವಾಪಸು ಬಂದ ಬೆಳ್ಳಿ ಮೊದಲಿನ ಹಾಗೆ ಗಟ್ಟಿಯಾಗಿ ಕೂರುವುದಿಲ್ಲ. ಮೈ ಮಂಕಾಗಿ, ಸುಣ್ಣ ಬಳಿದ ಗೋಡೆಯ ಹಾಗೆ ಕಾಣುತ್ತದೆ. ದೇವರ ಮನೆಯ ಬೆಳ್ಳಿ ಬಟ್ಟಲಿಗೆ, ಆರತಿ ತಟ್ಟೆಗೆ ಧಾರಾಳವಾಗಿ ಮಾಡಿ. ನಾಣ್ಯಕ್ಕೆ ಬೇಡ. ಬೆಳ್ಳಿ ಅಂಗಡಿಗಳಲ್ಲಿ ಅದ್ದಿ ತೆಗೆಯುವ ದ್ರಾವಣ ಇರುತ್ತದೆ, ಅದರಲ್ಲಿ ಥಯೋಯೂರಿಯಾ ಮತ್ತು ಆಮ್ಲ. ಒಂದು ಸಲ ಅದ್ದಿದರೆ ಮೇಲ್ಪದರ ಕರಗುತ್ತದೆ. ಎರಡು ಮೂರು ಸಲ ಅದ್ದಿದರೆ ಹೇಳಿದೆನಲ್ಲ, ಆ ಗೆರೆಗಳೂ ಕರಗುತ್ತವೆ. ಮಾರುವವರಲ್ಲಿ ಕೆಲವರು ಇದನ್ನು ಮಾಡಿಯೂ ಹೇಳದೆ ಮಾರುತ್ತಾರೆ. ಅದು ಮೋಸ ಎಂದೇ ನನ್ನ ಅಭಿಪ್ರಾಯ. ತೊಳೆದ ನಾಣ್ಯ ಮಾರುವುದು ತಪ್ಪಲ್ಲ, ತೊಳೆದದ್ದೆಂದು ಹೇಳಿ ಮಾರಬೇಕು.

ತಾಮ್ರಕ್ಕೆ ಬಂದರೆ ಇನ್ನೂ ಎಚ್ಚರ ಬೇಕು. ನಮ್ಮ ಮನೆಗಳಲ್ಲಿ ತಾಮ್ರ ಎಂದ ಕೂಡಲೇ ಕೈ ಹುಣಸೆಹಣ್ಣಿಗೆ ಹೋಗುತ್ತದೆ. ನನ್ನ ಗೆಳೆಯರೊಬ್ಬರು ಮೈಸೂರಿನ ಕಡೆಯಿಂದ ಟಿಪ್ಪುವಿನ ಆನೆ ಕಾಸು ತಂದಿದ್ದರು. ಒಳ್ಳೆಯ ಕಂದು ಬಣ್ಣ, ಬಳಸಿದ ಮರದ ಹಿಡಿಕೆಯ ಹಾಗೆ ನುಣ್ಣಗೆ. ಟಿಪ್ಪು ತನ್ನದೇ ಆದ ಮೌಲೂದಿ ಶಕವನ್ನು ತಂದಾಗ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಆನೆಯ ಬೆನ್ನ ಮೇಲುಗಡೆ ಆ ಅಂಕಿ, ಹಿಂಬದಿಯಲ್ಲಿ ಪಟನ್ ಅಂದರೆ ಶ್ರೀರಂಗಪಟ್ಟಣದ ಟಂಕಸಾಲೆಯ ಹೆಸರು. ನನಗೆ ಓದಿ ತೋರಿಸಬೇಕೆಂದು ಗೆಳೆಯರು ರಾತ್ರಿಯಿಡೀ ಹುಣಸೆ ನೀರಿನಲ್ಲಿ ನೆನೆಸಿಟ್ಟು ಬೆಳಿಗ್ಗೆ ತಂದರು. ಕಾಸು ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಸುಟ್ಟ ಗಾಯದ ಮೇಲೆ ಹೊಸದಾಗಿ ಬಂದ ಚರ್ಮದ ಹಾಗೆ. ಕಂದು ಪದರ ಹೋದ ಮೇಲೆ ಕೆಳಗಿನ ಗುಳಿಗಳು ಬಾಯಿ ಬಿಟ್ಟಿದ್ದವು. ಆನೆ ಇತ್ತು. ಮೊದಲು ಅರ್ಧಂಬರ್ಧ ಕಾಣುತ್ತಿದ್ದ ಅಂಕಿಗಳಲ್ಲಿ ಎರಡು ಆ ಗುಳಿಗಳಲ್ಲಿ ಕಳೆದುಹೋಗಿದ್ದವು. ತಾಮ್ರದ ಅಕ್ಷರ ಎಷ್ಟೋ ಸಲ ಲೋಹದಲ್ಲಿ ಉಳಿದಿರುವುದಿಲ್ಲ, ಲೋಹ ಬದಲಾಗಿ ಆದ ಆ ಕಂದು ಪದರದಲ್ಲೇ ಉಳಿದಿರುತ್ತದೆ. ಅದನ್ನು ಕರಗಿಸಿದರೆ ಅಕ್ಷರವನ್ನೇ ಕರಗಿಸಿದ ಹಾಗೆ. ಗೆಳೆಯರು ಅವತ್ತು ಊಟ ಮಾಡಲಿಲ್ಲ. ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು.

ಅಲ್ಯೂಮಿನಿಯಂ ಪೈಸೆಗಳಿಗೆ ಹುಳಿಯೂ ಆಗದು, ಸೋಡಾವೂ ಆಗದು, ಎರಡೂ ಆ ಲೋಹವನ್ನು ತಿನ್ನುತ್ತವೆ. ಸೀಸದ ನಾಣ್ಯವಂತೂ ಉಗುರಿಗೇ ಗೀರು ಬೀಳುವಷ್ಟು ಮೆತ್ತಗೆ. ಶಾತವಾಹನರು ಸೀಸದಲ್ಲಿ ನಾಣ್ಯ ಹೊಡೆದರು, ನಮ್ಮ ಕಾರವಾರದ ಕಡೆ ಸಿಕ್ಕಿದ ಅರಸ ಚುಟುಕುಲಾನಂದನ ನಾಣ್ಯಗಳೂ ಸೀಸದವು. ಅಂಥದ್ದನ್ನು ಮರದ ಪೆಟ್ಟಿಗೆಯಲ್ಲಿ, ರಟ್ಟಿನ ಡಬ್ಬಿಯಲ್ಲಿ ಇಟ್ಟರೆ ಅವುಗಳಿಂದ ಬರುವ ಹುಳಿ ಆವಿಗೇ ನಾಣ್ಯ ಬೆಳ್ಳಗೆ ಪುಡಿಯಾಗತೊಡಗುತ್ತದೆ.

ಚಿನ್ನ ಕಪ್ಪಾಗುವುದಿಲ್ಲ, ಹಾಗಾಗಿ ಅಪಾಯ ಇಲ್ಲ ಎಂದುಕೊಳ್ಳಬೇಡಿ. ಕೃಷ್ಣದೇವರಾಯನ ಬಾಲಕೃಷ್ಣ ವರಾಹ ನೋಡಿದ್ದೀರಾ? ತೂಕ ಸುಮಾರು 3.4 ಗ್ರಾಂ, ಅಗಲ ಕಿರುಬೆರಳಿನ ಉಗುರಿನಷ್ಟು. ಅದರಲ್ಲಿ ಕೂತ ಬಾಲಕೃಷ್ಣ, ಕೈಯಲ್ಲಿ ಬೆಣ್ಣೆಮುದ್ದೆ. ಪಾಲಿಷ್ ಹಾಕಿಸಿಕೊಂಡು ಬಂದ ವರಾಹಗಳಲ್ಲಿ ಮೊದಲು ಮಾಯವಾಗುವುದು ಆ ಬೆಣ್ಣೆ.

ಹಾಗಾದರೆ ಯಾವ ನಾಣ್ಯವನ್ನೂ ಯಾರೂ ಮುಟ್ಟಲೇಬಾರದೇ? ಹಾಗೆ ಹೇಳಿದರೆ ತಪ್ಪಾಗುತ್ತದೆ. ನೆಲದಿಂದ ಅಗೆದು ತೆಗೆದ ನಾಣ್ಯಗಳನ್ನು ಶುಚಿ ಮಾಡದಿದ್ದರೆ ಅವು ಮಣ್ಣಿನ ಹೆಂಟೆಗಳಷ್ಟೇ. ನಾಸಿಕದ ಹತ್ತಿರ ಜೋಗಲ್‌ತೆಂಭಿ ಎಂಬ ಊರಿದೆ. 1906ರಲ್ಲಿ ಅಲ್ಲಿ 13,000ಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಎಲ್ಲವೂ ಕ್ಷಹರಾತ ವಂಶದ ದೊರೆ ನಹಪಾನನವು. ಅವುಗಳಲ್ಲಿ ಮೂರನೇ ಎರಡು ಪಾಲು ನಾಣ್ಯಗಳ ಮೇಲೆ ಶಾತವಾಹನ ದೊರೆ ಗೌತಮೀಪುತ್ರ ಶಾತಕರ್ಣಿ ತನ್ನ ಮುದ್ರೆಯನ್ನು ಮತ್ತೆ ಒತ್ತಿಸಿದ್ದ. ಗೆದ್ದ ರಾಜ ಸೋತ ರಾಜನ ಮುಖದ ಮೇಲೆಯೇ ತನ್ನ ಬೆಟ್ಟದ ಗುರುತು ಹೊಡೆಸಿದ. ಆ ನಾಣ್ಯ ಕೈಯಲ್ಲಿ ಹಿಡಿದರೆ ಹೊಸ ಮುದ್ರೆಯ ಕೆಳಗೆ ನಹಪಾನನ ಮೂಗು, ಗ್ರೀಕ್ ಅಕ್ಷರದ ಒಂದೆರಡು ತುಂಡು ಇನ್ನೂ ಕಾಣುತ್ತವೆ. ಯಾರು ಯಾರನ್ನು ಸೋಲಿಸಿದರು ಎಂಬ ದೊಡ್ಡ ಚರಿತ್ರೆಗೆ ಈ ನಿಧಿ ಮುಖ್ಯ ಆಧಾರ. ಆ ಆಧಾರ ಇರುವುದು ಕೆಳಗಿನ ಮುದ್ರೆಯ ಅಳಿದುಳಿದ ಉಬ್ಬಿನಲ್ಲಿ, ಒಂದು ಕೂದಲೆಳೆಯಷ್ಟು ಎತ್ತರದಲ್ಲಿ. ಅದನ್ನು ಮರಳು ಹಾಕಿ ತಿಕ್ಕಿದ್ದರೆ? ಅದಕ್ಕೇ ಅಂಥ ಕೆಲಸವನ್ನು ಮ್ಯೂಸಿಯಮ್ಮಿನ ಸಂರಕ್ಷಣೆಯವರು ಸೂಕ್ಷ್ಮದರ್ಶಕದ ಕೆಳಗೆ, ಮರದ ಕಡ್ಡಿ, ಮುಳ್ಳಿನ ತುದಿಯಿಂದ ಕಣ ಕಣ ಬಿಡಿಸುತ್ತಾ ಮಾಡುತ್ತಾರೆ. ಅಂಟಿಕೊಂಡ ಬಟ್ಟೆಯ ಎಳೆ ಸಿಕ್ಕಿದರೆ ಅದನ್ನೂ ಉಳಿಸುತ್ತಾರೆ, ಗಂಟು ಎಂಥ ಬಟ್ಟೆಯಲ್ಲಿ ಕಟ್ಟಿತ್ತೆಂದು ಅದು ಹೇಳುತ್ತದೆ. ನಡುವೆ ಒಂದು ಮಾತು: ಊರಿನ ತೋಟದಲ್ಲಿ ಅಗೆಯುವಾಗ ನಿಮಗೇ ಇಂಥದ್ದು ಸಿಕ್ಕಿದರೆ ತೊಳೆಯುವುದು ಇರಲಿ, 10 ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯ್ದೆ ಹೇಳುತ್ತದೆ.

ನಮಗೆ, ಮನೆಯಲ್ಲಿ ಡಬ್ಬಿ ಇಟ್ಟುಕೊಂಡವರಿಗೆ, ನಾನು ಹೇಳುವುದು ಇಷ್ಟು: ನಾಣ್ಯದ ಮೇಲೆ ಬಂದು ಕೂತದ್ದು ಬೇರೆ, ನಾಣ್ಯವೇ ಬದಲಾಗಿ ಆದದ್ದು ಬೇರೆ. ಮೊದಲನೆಯದನ್ನು ತೆಗೆಯಬಹುದು. ಮಣ್ಣು, ಎಣ್ಣೆಜಿಡ್ಡು, ಅಂಟು, ಅರಿಶಿನ ಕುಂಕುಮ ಇವು ಹೊರಗಿನವು. ಗಾಜಿನ ಬಟ್ಟಲಲ್ಲಿ ಡಿಸ್ಟಿಲ್ಡ್ ನೀರು ಹಾಕಿ ಒಂದೆರಡು ದಿನ ನೆನೆಯಲು ಬಿಡಿ, ನೀರು ಬದಲಿಸಿ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದು ಬೇಡ. ಒರೆಸಬೇಡಿ, ಮೆತ್ತನೆ ಹತ್ತಿ ಬಟ್ಟೆಯ ಮೇಲಿಟ್ಟು ನೀರು ಹೀರಲು ಬಿಡಿ. ಜಿಡ್ಡಿಗೆ ಶುದ್ಧ ಅಸಿಟೋನ್. ಕೆಮಿಕಲ್ ಅಂಗಡಿಯದ್ದು ತನ್ನಿ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಸುಗಂಧ, ಬಣ್ಣ, ಎಣ್ಣೆ ಬೆರೆತಿರುತ್ತದೆ. ಕಿಟಕಿ ತೆರೆದಿರಲಿ, ಗ್ಯಾಸ್ ಒಲೆ ಹತ್ತಿರ ಇರಬಾರದು, ಬೇಗ ಬೆಂಕಿ ಹತ್ತುವ ಪದಾರ್ಥ ಅದು. ಅಸಿಟೋನ್ ಲೋಹಕ್ಕೆ ಏನೂ ಮಾಡದೆ ಜಿಡ್ಡನ್ನು ಮಾತ್ರ ಕರಗಿಸಿಕೊಂಡು ಹೋಗುತ್ತದೆ.

ಅದರ ಮುಖ್ಯ ಉಪಯೋಗ ಇನ್ನೊಂದಿದೆ. ನಮ್ಮಲ್ಲಿ ಬಹಳ ಮಂದಿ ನಾಣ್ಯಗಳನ್ನು ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ಕಿನ ಆಲ್ಬಂನಲ್ಲಿ ಇಡುತ್ತಾರೆ. ತೆರೆದಾಗ ಮಳೆಕೋಟಿನ ವಾಸನೆ ಬರುತ್ತದಲ್ಲ, ಅಂಥದ್ದು. ಕೆಲವು ವರ್ಷ ಕಳೆದ ಮೇಲೆ ಆ ಪ್ಲಾಸ್ಟಿಕ್ ಹುಳಿ ಬಿಡುತ್ತದೆ, ನಾಣ್ಯದ ಮೇಲೆ ಹಸಿರು ಅಂಟು ಅಂಟು ಲೋಳೆ ಕಾಣುತ್ತದೆ. ಆ ಲೋಳೆಯನ್ನು ಬಿಟ್ಟರೆ ನಾಣ್ಯವನ್ನು ತಿಂದೇ ಹಾಕುತ್ತದೆ. ಇಲ್ಲಿ ತೊಳೆಯದಿರುವುದೇ ತಪ್ಪು. ಕೂಡಲೇ ಅಸಿಟೋನಿನಲ್ಲಿ ಅದ್ದಿ ತೆಗೆದು ಬೇರೆ ಕವರಿಗೆ ಹಾಕಿ. ಬ್ಯಾಂಕಿನಿಂದ ನಿವೃತ್ತನಾದ ವರ್ಷ ನಾನು ನನ್ನ ಹಳೇ ಆಲ್ಬಂ ಎಲ್ಲ ಬಿಚ್ಚಿ ಒಂದು ತಿಂಗಳು ಇದೇ ಕೆಲಸ ಮಾಡಿದ್ದೇನೆ.

ತಾಮ್ರ, ಕಂಚಿನ ಮೇಲೆ ಗಟ್ಟಿಯಾಗಿ ಕೂತ ಗಾಢ ಹಸಿರು ಕಿಲುಬಿಗೆ ಹೆದರಬೇಕಿಲ್ಲ. ತಿಳಿಹಸಿರು ಪುಡಿ, ಕೆರೆದರೆ ಉದುರುವಂಥದ್ದು, ತೆಗೆದರೂ ಮಳೆಗಾಲದಲ್ಲಿ ಮತ್ತೆ ಬರುವಂಥದ್ದು ಕಂಡರೆ ಅದು ಕಂಚಿನ ರೋಗ. ಉಪ್ಪಿನ ಕ್ಲೋರೈಡು ಲೋಹದ ಒಳಗೆ ಸೇರಿ ತೇವ ಸಿಕ್ಕಾಗಲೆಲ್ಲ ಬೆಳೆಯುತ್ತದೆ. ಮೂರು ದಿಕ್ಕಿಗೂ ಸಮುದ್ರ ಇರುವ ಈ ಊರಿನಲ್ಲಿ ಇದು ಹೆಚ್ಚು. ಅಂಥ ನಾಣ್ಯವನ್ನು ಬೇರೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಒಣಗಿಸಿ ಇಡಿ, ತಿಳಿದವರಿಗೆ ತೋರಿಸಿ, ಮನೆಮದ್ದು ಬೇಡ.

ತೊಳೆಯುವುದಕ್ಕಿಂತ ಇಡುವುದರಲ್ಲಿ ಜಾಗ್ರತೆ ಮಾಡಿದರೆ ತೊಳೆಯುವ ಪ್ರಶ್ನೆಯೇ ಬಹುಪಾಲು ಬರುವುದಿಲ್ಲ. ಪಾಲಿಯೆಸ್ಟರ್ ಕವರು, ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಬ್ಬಿ ತೆರೆಯುವುದನ್ನು ಕಡಿಮೆ ಮಾಡಿ. ರಬ್ಬರ್ ಬ್ಯಾಂಡ್ ಮಾತ್ರ ಹಾಕಬೇಡಿ, ರಬ್ಬರಿನಲ್ಲಿ ಗಂಧಕ ಇದೆ. ಬ್ಯಾಂಡಿನ ಗುರುತು ಕಪ್ಪು ಪಟ್ಟಿಯಾಗಿ ರಾಜನ ಕುತ್ತಿಗೆಗೆ ಬಿದ್ದಿರುವ ರೂಪಾಯಿ ನನ್ನ ಹತ್ತಿರ ಎರಡಿವೆ. ಬೆರಳ ಬೆವರಿನ ಉಪ್ಪು ಕೂಡ ಹಾಗೆಯೇ. ಇವತ್ತು ಮುಟ್ಟಿದ್ದು ಇವತ್ತು ಕಾಣುವುದಿಲ್ಲ, ಎರಡು ವರ್ಷದ ನಂತರ ನಿಮ್ಮ ಹೆಬ್ಬೆಟ್ಟು ನಾಣ್ಯದ ಮೇಲೆ ಮೂಡಿರುತ್ತದೆ.

ಬೆಲೆಯ ಬಗ್ಗೆ ಬಹಳ ಹೇಳುವುದಿಲ್ಲ. ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ನಾಣ್ಯದ ಸ್ಥಿತಿ ಅಳೆಯಲು ಮಾಡಿದ 1ರಿಂದ 70ರವರೆಗಿನ ಅಂಕದ ಪದ್ಧತಿಯೇ ಈಗ ಎಲ್ಲೆಡೆ ನಡೆಯುತ್ತಿದೆ. 1986ರಲ್ಲಿ ಶುರುವಾದ ಪಿಸಿಜಿಎಸ್, 1987ರಲ್ಲಿ ಶುರುವಾದ ಎನ್‌ಜಿಸಿ ಎಂಬ ಸಂಸ್ಥೆಗಳಿವೆ, ಇವರು ನಾಣ್ಯ ಪರೀಕ್ಷಿಸಿ ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಕೊಡುತ್ತಾರೆ. ಕೆಡಿಸಿ ತೊಳೆದ ನಾಣ್ಯಕ್ಕೆ ಅಂಕ ಕೊಡುವುದಿಲ್ಲ, ‘ತೊಳೆದದ್ದು’ ಎಂದು ಬರೆದು ಕೊಡುತ್ತಾರೆ. ಆ ಒಂದು ಪದಕ್ಕೆ ಹರಾಜಿನಲ್ಲಿ ಕೈ ಎತ್ತುವವರು ಕಡಿಮೆಯಾಗುತ್ತಾರೆ.

ಕೊನೆಗೆ ಪೂಜೆಯ ರೂಪಾಯಿ. ನಮ್ಮ ಹೆಚ್ಚಿನ ಮನೆಗಳಲ್ಲಿ ಬೆಳ್ಳಿ ರೂಪಾಯಿ ಇರುವುದೇ ಲಕ್ಷ್ಮೀಪೂಜೆಯ ತಟ್ಟೆಯಲ್ಲಿ. ಅದನ್ನು ತೊಳೆದು ಅರಿಶಿನ ಕುಂಕುಮ ಹಚ್ಚಬೇಡಿ ಎಂದು ನಾನು ಯಾವತ್ತೂ ಹೇಳುವುದಿಲ್ಲ. ಆ ರೂಪಾಯಿಗೆ ಅದೇ ಬದುಕು. ಕಾಸಿನ ಸರವೂ ಅಷ್ಟೇ. ಕೊಂಡಿ ಬೆಸುಗೆ ಹಾಕಿದ ಕಾಸನ್ನು ಸಂಗ್ರಾಹಕರು ಕೊಳ್ಳಲಿಕ್ಕಿಲ್ಲ, ಅತ್ತೆಯಿಂದ ಸೊಸೆಗೆ ಬಂದ ಸರಕ್ಕೆ ಅವರ ಒಪ್ಪಿಗೆ ಬೇಕಾಗಿಯೂ ಇಲ್ಲ. ಹಿಂದೆ ರೂಪಾಯಿಯನ್ನೇ ತೂಕದ ಬಟ್ಟಾಗಿ ಇಡುತ್ತಿದ್ದರು, 11.66 ಗ್ರಾಂ, ಸರಿಯಾಗಿ ಒಂದು ತೊಲ. ಚಿನಿವಾರರು ಬೆಳ್ಳಿ ಪರೀಕ್ಷಿಸಲು ಅದರ ಮೇಲೆ ತಮ್ಮ ಸಣ್ಣ ಗುರುತು ಹೊಡೆಯುತ್ತಿದ್ದರು. ಅದೂ ನಾಣ್ಯದ ಬದುಕಿನ ಭಾಗ. ನಾನು ಕೇಳಿಕೊಳ್ಳುವುದು ಒಂದೇ. ಪೂಜೆಗೆ ಹೊಸದಾಗಿ ರೂಪಾಯಿ ಇಡುವ ಮೊದಲು ಪೆಟ್ಟಿಗೆಯಲ್ಲಿ ಇರುವುದನ್ನೆಲ್ಲ ಬೆಳಕಿನ ಕೆಳಗೆ ಹರಡಿ ನೋಡಿ. ಆಗಲೇ ಸವೆದು ಹೊಳೆಯುವುದನ್ನು ತಟ್ಟೆಗೆ ಇಡಿ. ಬಣ್ಣ ಹೊದ್ದು ಮಲಗಿದ್ದನ್ನು ಹಾಗೆಯೇ ಬಿಡಿ. 1939ರ ಬೆಳ್ಳಿ ರೂಪಾಯಿ ಸಿಕ್ಕಿದರೆ ದಯವಿಟ್ಟು ಏನನ್ನೂ ಮಾಡಬೇಡಿ, ಮೊದಲು ಯಾರನ್ನಾದರೂ ಕೇಳಿ. ಮರುವರ್ಷದಿಂದ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು, ಹಳೇ ಶುದ್ಧತೆಯ ಕೊನೆಯ ವರ್ಷದ ಆ ರೂಪಾಯಿ ಬಹಳ ಅಪರೂಪ.

ಬಿಡುವಾದಾಗ ಫೋರ್ಟಿನಲ್ಲಿ ಪಿ.ಎಂ. ರಸ್ತೆಯ ರಿಸರ್ವ್ ಬ್ಯಾಂಕಿನ ನಾಣ್ಯ ಮ್ಯೂಸಿಯಮ್ಮಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಅಲ್ಲಿ ಗಾಜಿನ ಹಿಂದೆ ಇಟ್ಟಿರುವ ನಾಣ್ಯಗಳ ಬಣ್ಣ ನೋಡಿದರೆ ಕಣ್ಣು ಪಳಗುತ್ತದೆ.

ಈಗ ಮುಂದೆ ಬನ್ನಿ. ಮೇಜಿನ ಮೇಲೆ ಟವೆಲ್ ಹಾಸಿದ್ದೇನೆ, ಕೈ ಜಾರಿದರೂ ಮೆತ್ತಗೆ ಬೀಳಲಿ. ಈ ಟ್ಯೂಬ್‌ಲೈಟಿನಲ್ಲಿ ಚಕ್ರ ಕಾಣುವುದಿಲ್ಲ, ಅದಕ್ಕೇ ಮನೆಯಿಂದ ಬಲ್ಬಿನ ದೀಪ ತಂದಿದ್ದೇನೆ. ಅಂಚಿನಲ್ಲಿ ಹಿಡಿಯಿರಿ. ಮೊದಲು ಬಣ್ಣ ಇರುವುದನ್ನು ಮೆಲ್ಲಗೆ ವಾಲಿಸಿ ನೋಡಿ, ಆಮೇಲೆ ಅಜ್ಜಿಯದು.